ಜಾಮೀನು ಸಿಕ್ಕಿತು, ಹೊಣೆ ಯಾರದು?

ಚೇಳೂರಿನಲ್ಲಿ ಕತೆ ಬರೆಯುವವನಿಗೆ ಕತೆಗಿಂತ ಅರ್ಜಿ ಬರೆಯುವ ಕೆಲಸವೇ ಹೆಚ್ಚು. ರೇಷನ್ ಕಾರ್ಡು, ವಿಧವಾ ವೇತನ, ಪಹಣಿಯಲ್ಲಿ ತಪ್ಪಾದ ಹೆಸರು, ಸಾಲದ ಕಂತಿಗೆ ವಾಯಿದೆ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದ ನನ್ನಂಥವನ ಮನೆಯ ಬಾಗಿಲಿಗೆ ಎರಡೂ ಭಾಷೆಯ ಕಷ್ಟಗಳು ಬರುತ್ತವೆ. ಬರೆದುಕೊಡುತ್ತೇನೆ. ಅದರಲ್ಲಿ ನನಗೊಂದು ಸಣ್ಣ ಹೆಮ್ಮೆಯೂ ಇತ್ತು. ಆ ಹೆಮ್ಮೆ ಮುರಿದದ್ದು ಒಂದು ಅರ್ಜಿಯಿಂದ. ಈ ಲೇಖನ ಆ ಅರ್ಜಿಯ ವಿಮರ್ಶೆ ಎಂದರೂ ಸರಿಯೇ.

2019ರ ಹಲಸಿನ ಕಾಲ. ನಮ್ಮೂರಿನ ಹಲಸಿನ ಸಂತೆಗೆ ಸುತ್ತಲ ತೋಟಗಳಿಂದ ಹಣ್ಣು ಬಂದು ಬಿದ್ದು ಲಾರಿಗಟ್ಟಲೆ ಹೊರಗೆ ಹೋಗುವ ದಿನಗಳು. ಹಿಂದಿನ ಬೀದಿಯ ಹೆಂಗಸೊಬ್ಬರು, ನಾನು ಆಪಾ ಎಂದು ಕರೆಯುವವರು, ಸಂಜೆ ಹೊತ್ತು ಮನೆಗೆ ಬಂದರು. ಅವರ ಮಗ ಲಾರಿಗೆ ಹಣ್ಣು ತುಂಬುವ ಹುಡುಗ, ಇಪ್ಪತ್ತೆರಡರ ವಯಸ್ಸು. ಹತ್ತಿರದ ಪಟ್ಟಣವೊಂದರಲ್ಲಿ ಗೆಳೆಯರೊಂದಿಗೆ ಗಾಂಜಾ ಸಮೇತ ಸಿಕ್ಕಿಬಿದ್ದಿದ್ದ. ತೂಕ ನೂರು ಗ್ರಾಮಿಗಿಂತ ಕಡಿಮೆ. ವಕೀಲರಿಗೆ ಕೊಡಲು, ಸಾಹೇಬರಿಗೆ ತೋರಿಸಲು ಮನೆಯ ಪರಿಸ್ಥಿತಿ ತಿಳಿಸುವ ಒಂದು ಅರ್ಜಿ ಬೇಕಿತ್ತು. "ಬಚ್ಚೇಕು ಕುಚ್ ಬುರೀ ಆದತ್ ನೈ ಬೋಲ್ಕೆ ಲಿಖೋ ಭಾಯ್" ಎಂದರು. ನನಗೆ ಸತ್ಯ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ಆದರೂ ಬರೆದೆ: "ನನ್ನ ಮಗನಿಗೆ ಯಾವುದೇ ದುಶ್ಚಟಗಳಿರುವುದಿಲ್ಲ." ಅರ್ಜಿ ಬರೆಯುವವರ ಕೈಗೆ ಇಂಥ ವಾಕ್ಯಗಳು ತಾವಾಗಿಯೇ ಬರುತ್ತವೆ.

ಹುಡುಗನಿಗೆ ಜಾಮೀನು ಸಿಕ್ಕಿತು. ಕೆಲವು ತಿಂಗಳ ನಂತರ ಯಾರೋ ಹೇಳಿದಂತೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಬಂದ. ದಂಡದ ಹಣಕ್ಕೆ ಆಪಾ ಕಿವಿಯ ಓಲೆ ಅಡವಿಟ್ಟರು. ಎಲ್ಲರೂ ಕೇಸು ಮುಗಿಯಿತು ಎಂದರು. 2022ರಲ್ಲಿ ಅದೇ ಹುಡುಗ ಮತ್ತೆ ಸಿಕ್ಕಿಬಿದ್ದ.

ಎರಡನೆಯ ಸಲ ಆ ಮನೆಯ ಕಾಗದಗಳನ್ನೆಲ್ಲ ಹರವಿಕೊಂಡು ಕೂತಾಗಲೇ ನಾನು ಮೊದಲ ಪ್ರಕರಣದ ಮಹಜರನ್ನು ಸರಿಯಾಗಿ ಓದಿದ್ದು. ಕತೆಗಾರನ ಕಣ್ಣಿಗೆ ಮಹಜರು ಒಂದು ವಿಚಿತ್ರ ಬರಹ. ಅದರಲ್ಲಿ ಕಾಲವಿದೆ, ಸ್ಥಳವಿದೆ, ಪಂಚರಿದ್ದಾರೆ. ಸೊಪ್ಪಿನ ಬಣ್ಣವಿದೆ, ವಾಸನೆಯಿದೆ, ಗ್ರಾಮಿನ ಲೆಕ್ಕದಲ್ಲಿ ತೂಕವಿದೆ, ಅರಗಿನ ಮೊಹರಿದೆ. ಸಾಕ್ಷ್ಯವಾಗಿ ಅದು ಹಾಗೆಯೇ ಇರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದರಲ್ಲಿ ಹಿಂದಿನ ರಾತ್ರಿ ಇಲ್ಲ, ಮರುದಿನದ ಬೆಳಗು ಇಲ್ಲ. ಈ ಹುಡುಗ ಯಾವಾಗ ಶುರು ಮಾಡಿದ, ಯಾರು ಕೊಟ್ಟರು, ಬಿಡಲು ಎಷ್ಟು ಸಲ ನೋಡಿದ, ನಾಳೆ ಏನು ಮಾಡುತ್ತಾನೆ ಎಂದು ಕೇಳುವ ಒಂದು ಸಾಲೂ ಇಲ್ಲ. ಸೊಪ್ಪಿನ ತೂಕ ಮಾತ್ರ ಕರಾರುವಾಕ್ಕಾಗಿದೆ.

ಅದೇ ಕಡತದಲ್ಲಿ ಹುಡುಗ ಗಾಂಜಾ ಸೇದಿದ್ದ ಎನ್ನುವ ವರದಿಯೂ ಇತ್ತು, ಅವನಿಗೆ ಯಾವ ಚಟವೂ ಇಲ್ಲ ಎನ್ನುವ ನನ್ನ ಅರ್ಜಿಯೂ ಇತ್ತು. ಒಂದು ದಾರದಲ್ಲಿ ಹೊಲಿದ ಎರಡು ಕಾಗದ. ಅವೆರಡನ್ನೂ ಎದುರುಬದುರು ಇಟ್ಟು "ಇದರಲ್ಲಿ ಯಾವುದಪ್ಪಾ ನಿಜ?" ಎಂದು ಹುಡುಗನನ್ನು ಕೇಳಿದವರು ಒಬ್ಬರೂ ಇಲ್ಲ.

ಹಿಂದಿನ ರಾತ್ರಿಯನ್ನು ಬಲ್ಲದ್ದು ಸಾಹಿತ್ಯ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕದ್ದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಸಾಕವ್ವನ ಮನೆಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಮಾಲು. ಆ ಮನೆಯಲ್ಲಿ ಹಿಂದಿನ ರಾತ್ರಿ ಕಡಲೆಕಾಯಿ ಏನಾಗಿತ್ತು, ಎಷ್ಟು ಹೊಟ್ಟೆಗಳು ಅದರಿಂದ ತಣಿದವು ಎನ್ನುವುದು ಓದುಗನಿಗೆ ಗೊತ್ತು. ಕಾನೂನಿಗೆ ಸಿಗದ ಆ ರಾತ್ರಿಯೇ ಕತೆಯ ಜೀವ.

ನನ್ನ ಇನ್ನೊಂದು ಶಾಲೆಯ ಲೇಖಕ ಸಆದತ್ ಹಸನ್ ಮಂಟೋ. ಅಶ್ಲೀಲ ಬರೆದನೆಂದು ಮಂಟೋನ ಮೇಲೆ ಆರು ಮೊಕದ್ದಮೆಗಳಾದವು, ಮೂರು ದೇಶ ಇಬ್ಭಾಗವಾಗುವ ಮೊದಲು, ಮೂರು ಪಾಕಿಸ್ತಾನದಲ್ಲಿ. ನ್ಯಾಯಾಲಯಗಳು ಅವನ ಕತೆಗಳ ಪದ ಪದವನ್ನೂ ಸೋಸಿದವು. ಕುಡಿತ ಆ ಮನುಷ್ಯನನ್ನು ತಿನ್ನುತ್ತಿದ್ದದ್ದನ್ನು ನೋಡುವುದು ಯಾವ ನ್ಯಾಯಾಲಯದ ಕೆಲಸವೂ ಆಗಿರಲಿಲ್ಲ. ಅದಕ್ಕೆ ಲಾಹೋರಿನ ಮಾನಸಿಕ ಆಸ್ಪತ್ರೆ ಇತ್ತು. ಅಲ್ಲಿಗೆ ಸೇರಿಸಿದರು, ಹೊರಬಂದ, ಮತ್ತೆ ಕುಡಿದ. 1955ರ ಜನವರಿ 18ರಂದು, 42ನೆಯ ವಯಸ್ಸಿನಲ್ಲಿ, ಈಲಿ ಕೆಟ್ಟು ತೀರಿಕೊಂಡ. ಒಂದು ಕಡೆ ಕಟಕಟೆ, ಇನ್ನೊಂದು ಕಡೆ ಆಸ್ಪತ್ರೆ. ಎರಡರ ನಡುವೆ ಓಡಾಡುವವರು ಯಾರೂ ಇರಲಿಲ್ಲ. ಎಪ್ಪತ್ತು ವರ್ಷಗಳ ಮೇಲೂ ಚೇಳೂರಿನ ಹುಡುಗನ ಸ್ಥಿತಿ ಇದೇ.

ನಮ್ಮ ಕಾನೂನಿಗೆ ಕರುಣೆಯೇ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ಉಚಿತ ಕಾನೂನು ನೆರವಿನ ವಕೀಲರೊಬ್ಬರು ಪುಸ್ತಕ ತೆರೆದು ತೋರಿಸಿದಾಗ ನಾಚಿಕೆಯಾಯಿತು. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ದ್ರವ್ಯಗಳ ಕಾಯ್ದೆ, ಬಹಳ ಕಠಿಣವಾದದ್ದು ನಿಜ. 20 ಕಿಲೋ ಗಾಂಜಾ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ ಹತ್ತು ವರ್ಷದಿಂದ ಇಪ್ಪತ್ತು ವರ್ಷ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಒಂದು ವರ್ಷದವರೆಗೆ ಸೆರೆ, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಬರೀ ಸೇದಿದ್ದಕ್ಕೆ 27ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ಆದರೆ ಇದೇ ಕಾಯ್ದೆಯೊಳಗೆ ಎರಡು ಬಾಗಿಲುಗಳಿವೆ.

ಮೊದಲನೆಯದು 64ಎ ಕಲಮು. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರಿ ಇಲ್ಲವೇ ಸರ್ಕಾರ ಮನ್ನಿಸಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಎರಡನೆಯದು 39ನೆಯ ಕಲಮು. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ಅವನು ಒಪ್ಪಿದರೆ, ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ಫಲದ ವರದಿ ಬರಬೇಕು. ಅದನ್ನು ನೋಡಿ ಎಚ್ಚರಿಕೆ ಹೇಳಿ ಬಿಡುಗಡೆ ಮಾಡಬಹುದು.

ಎರಡೂ ಬಾಗಿಲಿಗೆ ಬೀಗದ ಕೈ ಒಂದೇ: ತಾನು ವ್ಯಸನಿ ಎನ್ನುವ ಒಪ್ಪಿಗೆ. ನಾನು ಬರೆದ ಆ ಸುಂದರ ಕನ್ನಡದ ವಾಕ್ಯ ಆ ಕೈಯನ್ನೇ ಬಾವಿಗೆ ಎಸೆದಿತ್ತು.

ಬಡವರ ಮನೆಯಲ್ಲಿ ಅಪರಾಧಕ್ಕಿಂತ ಚಟಕ್ಕೆ ನಾಚಿಕೆ ಹೆಚ್ಚು. "ಹುಡುಗನನ್ನು ಸುಮ್ಮನೆ ಹಿಡಿದರು" ಎಂದು ಹೇಳಿಕೊಂಡು ತಲೆಯೆತ್ತಿ ನಡೆಯಬಹುದು. "ನನ್ನ ಮಗ ನಶೆಗೆ ಬಿದ್ದಿದ್ದಾನೆ" ಎಂದರೆ ತಂಗಿಯ ಮದುವೆ ನಿಲ್ಲುತ್ತದೆ. ನಮ್ಮ ಮೊಹಲ್ಲಾಗಳಲ್ಲಿ ನಶೆ ಹರಾಮ್ ಎಂದು ಹೇಳುವವರಿಗೆ ಬರವಿಲ್ಲ. ಬಿದ್ದವನ ಕೈ ಹಿಡಿದು ಗುಬ್ಬಿಯ ಆಸ್ಪತ್ರೆಗೆ ಬಸ್ಸು ಹತ್ತಿಸುವವರನ್ನು ಹುಡುಕಬೇಕು. ಇದು ಒಂದು ಸಮುದಾಯದ ದೂರಲ್ಲ. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿ ಮಾರಾಟ ನಿಲ್ಲಿಸಿದಾಗ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಸಂತೋಷಪಟ್ಟರು. ಸಾರಾಯಿ ಅಂಗಡಿ ಮುಚ್ಚಿದ ಸರ್ಕಾರ ಕುಡಿತದ ರೋಗಿಗೆ ಹಳ್ಳಿಯ ಹತ್ತಿರ ಒಂದು ಹಾಸಿಗೆ ಹಾಕಬೇಕೆಂದು ಕೇಳಿದವರು ಆಗಲೂ ಕಡಿಮೆ.

ಕಾನೂನಿನ ಈ ಬಾಗಿಲು ತೆರೆದ ಉದಾಹರಣೆಗಳಿಲ್ಲವೇ ಎಂದರೆ, ಇವೆ. 2001ರಲ್ಲಿ ಕೊಕೇನ್ ಪ್ರಕರಣದಲ್ಲಿ ಬಂಧಿತರಾದ ಮುಂಬೈಯ ಒಬ್ಬ ಚಿತ್ರನಟರು ವ್ಯಸನಮುಕ್ತಿಯ ಚಿಕಿತ್ಸೆ ಪಡೆದರು. 2012ರಲ್ಲಿ ವಿಶೇಷ ನ್ಯಾಯಾಲಯ 64ಎ ಕಲಮಿನಡಿ ಅವರಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಟ್ಟಿತು. ಅದು ಸರಿಯಾದದ್ದೇ, ಕಾನೂನು ಇರುವುದೇ ಅದಕ್ಕೆ. ನನ್ನ ಹೊಟ್ಟೆಯುರಿ ನಟರ ಮೇಲಲ್ಲ. ಆ ಪುಟ ಯಾವುದೆಂದು ಬಲ್ಲ ವಕೀಲರು ಅವರಿಗಿದ್ದರು. ನಮ್ಮ ಹುಡುಗನಿಗೆ ಇದ್ದದ್ದು ಅರ್ಜಿ ಬರೆಯುವ ಒಬ್ಬ ಕತೆಗಾರ.

ಇಂಥ ಬಾಗಿಲಿಗೆ ಒಬ್ಬ ಕಾವಲುಗಾರನ ಬದಲು ಒಬ್ಬ ಕರೆಯುವವನನ್ನು ನಿಲ್ಲಿಸಿದರೆ ಹೇಗಿರುತ್ತದೆ? ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದ ಮಾದಕ ವ್ಯಸನಿಗಳ ನ್ಯಾಯಾಲಯ ಅಂಥ ಒಂದು ಪ್ರಯತ್ನ. ಅಗ್ಗದ ಕೊಕೇನ್ ಹರಡಿ ಜೈಲುಗಳು ತುಂಬಿಹೋಗಿದ್ದ ಕಾಲವದು. ಒಳಗೆ ಹೋದವರೇ ಮತ್ತೆ ಮತ್ತೆ ಬರುತ್ತಿದ್ದರು. ಈ ನ್ಯಾಯಾಲಯದಲ್ಲಿ ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಚಿಕಿತ್ಸೆ ಕೊಡುವವರು ಒಂದು ತಂಡವಾಗಿ ಕೂರುತ್ತಾರೆ. ಆರೋಪಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಪದೇ ಪದೇ ಬಂದು ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಮೂತ್ರ ಪರೀಕ್ಷೆಯಿದೆ, ಸಲಹೆಗಾರರಿದ್ದಾರೆ. ನ್ಯಾಯಾಧೀಶರು ಅವನ ಹೆಸರು ಹಿಡಿದು ಹೋದ ವಾರ ಹೇಗಿದ್ದೆ, ಕೆಲಸ ಸಿಕ್ಕಿತೇ ಎಂದು ಕೇಳುತ್ತಾರೆ. ಮುಗಿಸಿದವನ ಮೊಕದ್ದಮೆ ವಜಾ ಆಗಬಹುದು, ಅವನಿಗೆ ಅಲ್ಲಿ ಚಪ್ಪಾಳೆಯೂ ಉಂಟು. ಟೊರಾಂಟೊದಲ್ಲಿ 1998ರಲ್ಲಿ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1999ರಲ್ಲಿ, ಗ್ಲಾಸ್ಗೋದಲ್ಲಿ 2001ರಲ್ಲಿ ಇಂಥವು ಬಂದವು. ಇದೇ ಮಾದರಿಯಲ್ಲಿ ಮನೋರೋಗಿಗಳಿಗೆ, ಮಾಜಿ ಸೈನಿಕರಿಗೆ ಬೇರೆ ನ್ಯಾಯಾಲಯಗಳೂ ಹುಟ್ಟಿದವು.

ಓದಿದಾಗ ನನಗೆ ಕಣ್ಣು ತುಂಬಿ ಬಂತು. ಆದರೆ ವಿಮರ್ಶೆ ಎಂದಮೇಲೆ ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಬೇಕು. ಅಲ್ಲಿಯ ಅನೇಕ ನ್ಯಾಯಾಲಯಗಳಲ್ಲಿ ಒಳಗೆ ಬರಬೇಕಾದರೆ ಮೊದಲು ತಪ್ಪೊಪ್ಪಿಕೊಳ್ಳಬೇಕು. ನಡುವೆ ಜಾರಿಬಿದ್ದವನಿಗೆ ಪಾಠ ಕಲಿಸಲು ನಾಲ್ಕು ದಿನ ಜೈಲು. ಪೂರ್ತಿ ಸೋತವನು ಮೊದಲೇ ಶಿಕ್ಷೆ ಅನುಭವಿಸಿದ್ದರೆ ಕಳೆಯುತ್ತಿದ್ದ ದಿನಗಳಿಗಿಂತ ಹೆಚ್ಚು ದಿನ ಒಳಗಿರುವುದುಂಟು. ಹೆರಾಯಿನ್ ಚಟಕ್ಕೆ ವೈದ್ಯರು ಕೊಡುವ ಮೆಥಡೋನ್ ಔಷಧವನ್ನೇ ಕೆಲವು ನ್ಯಾಯಾಧೀಶರು ಬೇಡವೆಂದರು. ಕರಿಕೋಟು ಬಿಳಿಕೋಟಿನ ಕೆಲಸ ಮಾಡಹೊರಟರೆ ಹೀಗಾಗುತ್ತದೆ. ವ್ಯಸನ ಎನ್ನುವುದು ಬಿಟ್ಟು ಹಿಡಿದು, ಮತ್ತೆ ಬಿಟ್ಟು ಹಿಡಿಯುವ ರೋಗ. ಜಾರುವುದು ಆ ರೋಗದ ಲಕ್ಷಣ. ಲಕ್ಷಣಕ್ಕೆ ಜೈಲು ಕೊಡುವ ಆಸ್ಪತ್ರೆ ಎಲ್ಲಾದರೂ ಉಂಟೇ?

ಪೋರ್ಚುಗಲ್ 2001ರ ಜುಲೈಯಿಂದ ಬೇರೆ ದಾರಿ ಹಿಡಿಯಿತು. ಹತ್ತು ದಿನದ ಬಳಕೆಗೆ ಆಗುವಷ್ಟು ಮಾದಕ ವಸ್ತು ಇಟ್ಟುಕೊಂಡವನು ಅಲ್ಲಿ ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲ ಮೂವರ ಸಮಿತಿಯೊಂದರ ಮುಂದೆ ಹೋಗುತ್ತಾನೆ. ವಸ್ತು ಅಲ್ಲಿ ಈಗಲೂ ನಿಷಿದ್ಧ. ಆದರೆ ಬಳಸಿದವನು ಅಪರಾಧಿಯಲ್ಲ. ಮಾರುವವನಿಗೆ ಜೈಲು ತಪ್ಪಿದ್ದಲ್ಲ.

ಹೊರದೇಶದ್ದು ನಮಗೆ ಒಗ್ಗುವುದಿಲ್ಲ ಎನ್ನುವವರು ನಮ್ಮದೇ ಬಾಲನ್ಯಾಯ ಮಂಡಳಿಯನ್ನು ನೋಡಬಹುದು. 2015ರ ಕಾಯ್ದೆಯಂತೆ ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಸೇವಕರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. ಮಗುವಿನ ಮನೆ, ಶಾಲೆ, ಗೆಳೆತನ, ಅಭ್ಯಾಸಗಳ ಬಗ್ಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಎಂದರೆ ಮಹಜರಿನಲ್ಲಿ ಇಲ್ಲದ ಹಿಂದಿನ ರಾತ್ರಿಯನ್ನು ಬರೆಯಲು ಕಾನೂನೇ ಒಬ್ಬರನ್ನು ನೇಮಿಸಿದೆ. ಹದಿನೆಂಟು ತುಂಬಿದ ಮರುದಿನ ಆ ಲೇಖನಿ ನಿಂತುಹೋಗುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇಪ್ಪತ್ತೊಂದರೊಳಗಿನ ತರುಣರನ್ನು ಜೈಲಿಗೆ ಕಳಿಸುವ ಮುನ್ನ ವರದಿ ತರಿಸಿ ನೋಡಿ ಎನ್ನುತ್ತದೆ. ಆದರೆ ಎನ್‌ಡಿಪಿಎಸ್ ಕಾಯ್ದೆಯ 33ನೆಯ ಕಲಮು ಅದಕ್ಕೂ ಅಡ್ಡ ನಿಂತಿದೆ. ಗಾಂಜಾ ಸೇದಿದ ಹತ್ತೊಂಬತ್ತರ ಹುಡುಗನಿಗೆ ಆ ಕಾಯ್ದೆಯ ಲಾಭ ಉಂಟು, ಜೇಬಿನಲ್ಲಿ ಇಟ್ಟುಕೊಂಡವನಿಗೆ ಇಲ್ಲ. ಜೇಬಿನಲ್ಲಿ ಇಟ್ಟುಕೊಳ್ಳದೆ ಸೇದುವುದು ಹೇಗೆಂದು ಕಾನೂನು ಹೇಳುವುದಿಲ್ಲ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಯಾವುದನ್ನಾದರೂ ಬಳಸಿದವರು ದೇಶದಲ್ಲಿ ಸುಮಾರು 3.1 ಕೋಟಿ. ಬರೀ ಗಾಂಜಾ, ಚರಸ್ ಬಳಸಿದವರೇ ಸುಮಾರು 1.3 ಕೋಟಿ. 2022ರ ಕೊನೆಗೆ ದೇಶದ ಎಲ್ಲ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ, ಅವರಲ್ಲಿ ನಾಲ್ವರಿಗೆ ಮೂವರು ಇನ್ನೂ ವಿಚಾರಣೆ ಮುಗಿಯದವರು. ಈ ಲೆಕ್ಕ ನೋಡಿದರೆ ಜೈಲು ಈ ರೋಗಕ್ಕೆ ಮದ್ದಲ್ಲ ಎಂದು ತಿಳಿಯಲು ಕಾನೂನು ಓದಬೇಕಾಗಿಲ್ಲ. ಸೇದುವ ಲಕ್ಷಾಂತರ ಜನರಲ್ಲಿ ಕಟಕಟೆಗೆ ಬರುವವನು ಬಹಳ ಸೇದಿದವನಲ್ಲ, ಬೀದಿಬದಿಯಲ್ಲಿ ಕೈಗೆ ಸಿಕ್ಕವನು.

ಹಾಗಾದರೆ ಹೊಸ ಬೋರ್ಡು ಹಾಕಿ ಹೊಸ ನ್ಯಾಯಾಲಯ ತೆರೆಯಬೇಕೇ? ಎನ್‌ಡಿಪಿಎಸ್ ಕಾಯ್ದೆಗೆ ವಿಶೇಷ ನ್ಯಾಯಾಲಯಗಳು ಈಗಾಗಲೇ ಇವೆ. ಅವು ಶಿಕ್ಷೆ ಬೇಗ ಆಗಲಿ ಎಂದು ಹುಟ್ಟಿದವು, ಚಿಕಿತ್ಸೆ ಬೇಗ ಆಗಲಿ ಎಂದಲ್ಲ. ಬೋರ್ಡಿಗಿಂತ ಮುಖ್ಯ ಪ್ರಶ್ನೆ. ಸಣ್ಣ ಪ್ರಮಾಣದ ಪ್ರತಿ ಪ್ರಕರಣದಲ್ಲೂ ಮೊದಲ ದಿನವೇ "ನಿನಗೆ ಚಟವಿದೆಯೇ? ಚಿಕಿತ್ಸೆ ಬೇಕೇ? ಹಾಗೆ ಕೇಳುವ ಹಕ್ಕು ನಿನಗಿದೆ" ಎಂದು ಅವನ ಭಾಷೆಯಲ್ಲಿ ಹೇಳುವುದು ಯಾರಾದರೊಬ್ಬರ ಕೆಲಸವಾಗಬೇಕು. ಮಾದಕ ವ್ಯಸನದ ಬಲಿಪಶುಗಳಿಗೆ ಕಾನೂನು ನೆರವು ಕೊಡಲು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2015ರಲ್ಲೇ ಯೋಜನೆ ಮಾಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮನೋವ್ಯಾಧಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ನಮ್ಮ ರಾಜ್ಯದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬಂದು ನೋಡುವ 'ಮನೋಚೈತನ್ಯ' ಯೋಜನೆ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 14446 ಎಂಬ ಸಹಾಯವಾಣಿಯಿದೆ. ಬಿಡಿಬಿಡಿಯಾಗಿ ಎಲ್ಲವೂ ಇದೆ, ಹೊಲಿಯುವ ದಾರವಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮೊದಲ ಸಲ ಸಮುದಾಯ ಸೇವೆಯನ್ನು ಒಂದು ಶಿಕ್ಷೆಯಾಗಿ ಒಪ್ಪಿಕೊಂಡಿದೆ. ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡಿದವನಿಗೆ ಅದನ್ನು ವಿಧಿಸಬಹುದು. ಜೈಲಿನ ಹೊರಗೂ ನ್ಯಾಯವಿದೆ ಎಂದು ಪುಸ್ತಕ ಒಪ್ಪಿದ್ದು ಒಳ್ಳೆಯದೇ. ಆದರೆ ಕಸ ಗುಡಿಸಿದ ಮಾತ್ರಕ್ಕೆ ಕುಡಿತ ಹೋಗುವುದಿಲ್ಲ. ಅಲ್ಲೂ ಯಾರೋ ಒಬ್ಬರು ಕೇಳಬೇಕು.

ನ್ಯಾಯಾಲಯದ ಕನ್ನಡದಲ್ಲಿ ಅರ್ಧ ನನ್ನ ಉರ್ದು ಶಾಲೆಯ ಪದಗಳು. ವಕಾಲತ್ತು, ಮಹಜರು, ಜಪ್ತಿ, ಕೈದಿ. ಜಾಮೀನು ಕೂಡ ಅಲ್ಲಿಂದಲೇ ಬಂದದ್ದು. ಉರ್ದುವಿನಲ್ಲಿ ಜಾಮಿನ್ ಎಂದರೆ ಹೊರಗೆ ಬಿಡುವ ಆದೇಶವಲ್ಲ, ಹೊಣೆ ಹೊತ್ತ ಮನುಷ್ಯ. ನಮ್ಮ ಕನ್ನಡದಲ್ಲಿ ಮನುಷ್ಯ ಹೋಗಿ ಆದೇಶ ಉಳಿಯಿತು. 2019ರಲ್ಲಿ ಆ ಹುಡುಗನಿಗೆ ಜಾಮೀನು ಸಿಕ್ಕಿತ್ತು, ಜಾಮಿನ್ ಸಿಕ್ಕಿರಲಿಲ್ಲ.

2022ರಲ್ಲಿ ನಾನು ಇನ್ನೊಂದು ಅರ್ಜಿ ಬರೆದೆ. "ನನಗೆ ನಾಲ್ಕು ವರ್ಷಗಳಿಂದ ಗಾಂಜಾ ಸೇವನೆಯ ಚಟವಿದ್ದು, ಚಿಕಿತ್ಸೆ ಪಡೆಯಲು ಇಚ್ಛಿಸುತ್ತೇನೆ." ಓದಿ ಹೇಳಿದಾಗ ಆಪಾ ಸೆರಗು ಬಾಯಿಗೆ ಒತ್ತಿಕೊಂಡರು. "ಇದನ್ನು ಕೋರ್ಟಿನಲ್ಲಿ ಎಲ್ಲರ ಮುಂದೆ ಓದುತ್ತಾರಾ ಭಾಯ್?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನೇ ಪೆನ್ನು ಇಸಿದುಕೊಂಡು ರುಜು ಹಾಕಿದ. ನಾನು ಬರೆದವುಗಳಲ್ಲಿ ಅಲಂಕಾರವೇ ಇಲ್ಲದ ಬರಹ ಅದು. ಅದಕ್ಕಿಂತ ಒಳ್ಳೆಯ ವಾಕ್ಯವನ್ನು ನಾನು ಯಾವ ಕತೆಯಲ್ಲೂ ಬರೆದಿಲ್ಲ.

ಮೊಕದ್ದಮೆ ಇನ್ನೂ ಪೂರ್ತಿ ಮುಗಿದಿಲ್ಲ. ಹುಡುಗ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾನೆ. ನಡುವೆ ಒಂದು ಸಲ ಜಾರಿಬಿದ್ದ, ಎರಡು ವಾರ ಮನೆಗೇ ಬರಲಿಲ್ಲ. ಮತ್ತೆ ಬಂದ, ಮತ್ತೆ ಹೋಗುತ್ತಿದ್ದಾನೆ. ಅವನು ಬಿಟ್ಟೇಬಿಟ್ಟ ಎಂದು ಬರೆದು ಈ ಲೇಖನಕ್ಕೆ ಮಂಗಳ ಹಾಡುವ ಧೈರ್ಯ ನನಗಿಲ್ಲ. ಆಸ್ಪತ್ರೆಯ ದಿನ ಸಂಜೆ ಅವನು ಬಸ್ಸಿಳಿದು ಬರುವಾಗ ಆಪಾ ಬಾಗಿಲಲ್ಲಿ ನಿಂತಿರುತ್ತಾರೆ. "ಹೋಗಿ ಬಂದೆಯಾ? ಡಾಕ್ಟರ್ ಏನಂದರು?" ಎಂದು ಕೇಳುತ್ತಾರೆ. ಈ ಎರಡು ಪ್ರಶ್ನೆ ಕೇಳಲು ಮಯಾಮಿಯಲ್ಲಿ ಒಂದು ನ್ಯಾಯಾಲಯವಿದೆ. ಇಲ್ಲಿ ಅಡವಿಟ್ಟ ಓಲೆಯನ್ನು ಇನ್ನೂ ಬಿಡಿಸಿಕೊಳ್ಳದ ಒಬ್ಬ ತಾಯಿ ಇದ್ದಾಳೆ. ಅವಳೊಬ್ಬಳೇ ಎಷ್ಟು ದಿನ ಜಾಮೀನು ನಿಲ್ಲುತ್ತಾಳೆ?